ಅಪ್‌ಡೇಟ್ ಯಶಸ್ವಿ, ಪ್ರಿಂಟ್ ಬಂದ್: 2021ರ ಪ್ರಿಂಟ್‌ನೈಟ್‌ಮೇರ್ ಪ್ಯಾಚ್‌ಗಳ ಪ್ರಕರಣ ಅಧ್ಯಯನ

2021ರ ಆಗಸ್ಟ್ 10, ಮಂಗಳವಾರ. ಮೈಕ್ರೋಸಾಫ್ಟ್ ಆ ತಿಂಗಳ ಅಪ್‌ಡೇಟ್‌ಗಳನ್ನು ಬಿಟ್ಟಾಗ ಭಾರತದಲ್ಲಿ ರಾತ್ರಿ ಹತ್ತೂವರೆ. ಮುಂದಿನ ದಿನಗಳಲ್ಲಿ ಅದನ್ನು ಹಾಕಿಕೊಂಡ ಕಚೇರಿಗಳಲ್ಲಿ ಒಂದೇ ಬಗೆಯ ದೂರು ಬರತೊಡಗಿತು. ನೆನ್ನೆವರೆಗೆ ಸರಾಗವಾಗಿ ನಡೆಯುತ್ತಿದ್ದ ಪ್ರಿಂಟರ್ ಇವತ್ತು 'ಈ ಪ್ರಿಂಟರನ್ನು ನೀವು ನಂಬುತ್ತೀರಾ' ಎಂದು ಕೇಳುತ್ತದೆ. ಕೆಳಗೆ ಗುರಾಣಿ ಚಿಹ್ನೆಯ ಬಟನ್. ಒತ್ತಿದರೆ ಅಡ್ಮಿನಿಸ್ಟ್ರೇಟರ್ ಹೆಸರು, ಪಾಸ್‌ವರ್ಡ್ ಬೇಕು. ಅದು ಸಾಮಾನ್ಯ ಸಿಬ್ಬಂದಿಯ ಬಳಿ ಇರುವುದಿಲ್ಲ, ಇರಲೂಬಾರದು. ಅತ್ತ ಅಪ್‌ಡೇಟ್ ಸರ್ವರ್‌ನ ವರದಿ ತೆರೆದರೆ ಎಲ್ಲ ಯಂತ್ರಗಳ ಮುಂದೆಯೂ 'ಇನ್‌ಸ್ಟಾಲ್ ಆಗಿದೆ' ಎಂದೇ ಇದೆ.

ಆ ವರ್ಷದ ಜೂನ್‌ನಿಂದ ಅಕ್ಟೋಬರ್‌ವರೆಗೆ ವಿಂಡೋಸ್ ಪ್ರಿಂಟಿಂಗ್ ಸುತ್ತ ಬಂದ ಪ್ಯಾಚ್‌ಗಳ (ದೋಷ ಮುಚ್ಚುವ ತಿದ್ದುಪಡಿಗಳ) ಸರಣಿ ಕಚೇರಿ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಎರಡು ಕಡೆಯಿಂದ ಪೆಟ್ಟು ಕೊಟ್ಟಿತು. ಜುಲೈನಲ್ಲಿ ಪ್ಯಾಚ್ ಹಾಕಿಯೂ ಕೆಲವು ಕಚೇರಿಗಳಿಗೆ ರಕ್ಷಣೆ ಸಿಗಲಿಲ್ಲ. ಆಗಸ್ಟ್‌ನಲ್ಲಿ ರಕ್ಷಣೆ ಸಿಕ್ಕಿತು, ಕೆಲಸ ನಿಂತಿತು. ಎರಡೂ ಸಲ ವರದಿ ಮಾತ್ರ ಹಸಿರೇ ಇತ್ತು.

ಬೇರು ಎಲ್ಲಿದೆ

ವಿಂಡೋಸ್‌ನಲ್ಲಿ ಪ್ರಿಂಟ್ ಕೆಲಸವನ್ನೆಲ್ಲ ನಡೆಸುವುದು ಸ್ಪೂಲರ್ ಎಂಬ ಸೇವೆ. ಇದು ಸಿಸ್ಟಂ ಖಾತೆಯಲ್ಲಿ, ಅಂದರೆ ಯಂತ್ರದ ಅತ್ಯುನ್ನತ ಅಧಿಕಾರದಲ್ಲಿ ಓಡುತ್ತದೆ. ಪ್ರಿಂಟರ್ ಡ್ರೈವರ್ ಎಂದರೆ ಈ ಸ್ಪೂಲರ್ ತನ್ನೊಳಗೆ ಲೋಡ್ ಮಾಡಿಕೊಳ್ಳುವ ಡಿಎಲ್‌ಎಲ್ (ಬೇರೆ ಪ್ರೋಗ್ರಾಂನೊಳಗೆ ಸೇರಿ ಓಡುವ ಕೋಡ್) ಕಡತಗಳ ಗುಂಪು. ಕಚೇರಿಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಸೌಲಭ್ಯದ ಹೆಸರು ಪಾಯಿಂಟ್ ಆ್ಯಂಡ್ ಪ್ರಿಂಟ್: ಪ್ರಿಂಟ್ ಸರ್ವರ್‌ನಲ್ಲಿ ಹಂಚಿದ ಪ್ರಿಂಟರ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಡ್ರೈವರ್ ತಾನಾಗಿ ಸರ್ವರ್‌ನಿಂದ ಇಳಿದು ಸ್ಪೂಲರ್‌ಗೆ ಸೇರುತ್ತದೆ. ಸಾಮಾನ್ಯ ಬಳಕೆದಾರನ ಒಂದು ಕ್ಲಿಕ್‌ನಿಂದ ಸಿಸ್ಟಂ ಅಧಿಕಾರದ ಜಾಗಕ್ಕೆ ಹೊರಗಿನ ಕೋಡ್ ಬಂದು ಕೂರುತ್ತದೆ. ಈ ವಿನ್ಯಾಸವೇ ಸಮಸ್ಯೆಯ ಬೇರು. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಕೂಡ ಹರಡಲು ಬಳಸಿದ ದಾರಿಗಳಲ್ಲಿ ಸ್ಪೂಲರ್ ದೋಷವೂ ಒಂದು.

ಜೂನ್ 8ರ ಅಪ್‌ಡೇಟ್‌ನಲ್ಲಿ ಸಿವಿಇ-2021-1675 (ಸಿವಿಇ ಎಂದರೆ ಭದ್ರತಾ ದೋಷಗಳಿಗೆ ಕೊಡುವ ಸಾರ್ವಜನಿಕ ಸಂಖ್ಯೆ) ಎಂಬ ಸ್ಪೂಲರ್ ದೋಷ ಸರಿಯಾಗಿತ್ತು. ಮೊದಲು ಅದನ್ನು ಆಯಾ ಯಂತ್ರದೊಳಗಿನ ಅಧಿಕಾರ ಏರಿಕೆಯ ದೋಷ ಎಂದಷ್ಟೇ ವರ್ಗೀಕರಿಸಲಾಗಿತ್ತು. ಜೂನ್ 21ರಂದು ದೂರದಿಂದಲೂ ಕೋಡ್ ಓಡಿಸಬಹುದು ಎಂದು ಬದಲಾಯಿತು. ತಿಂಗಳ ಕೊನೆಗೆ ಸಾಂಗ್‌ಫರ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು, ದೋಷ ಆಗಲೇ ಸರಿಯಾಗಿದೆ ಎಂಬ ನಂಬಿಕೆಯಲ್ಲಿ, ತಮ್ಮ ದಾಳಿಯ ಮಾದರಿ ಕೋಡನ್ನು ಕೋಡ್ ಹಂಚುವ ತಾಣ ಗಿಟ್‌ಹಬ್‌ನಲ್ಲಿ ಹಾಕಿದರು. ಬೇಗನೆ ತೆಗೆದರೂ ಅಷ್ಟರಲ್ಲಿ ಪ್ರತಿಗಳು ಹಂಚಿಹೋಗಿದ್ದವು. ಪೂರ್ತಿ ಪ್ಯಾಚ್ ಆದ ಯಂತ್ರಗಳ ಮೇಲೂ ಆ ಕೋಡ್ ಕೆಲಸ ಮಾಡಿತು. ಜುಲೈ 1ರಂದು ಮೈಕ್ರೋಸಾಫ್ಟ್ ಇದು ಬೇರೆಯದೇ ದೋಷ ಎಂದು ಸಿವಿಇ-2021-34527 ಸಂಖ್ಯೆ ಕೊಟ್ಟಿತು. ಪ್ರಿಂಟ್‌ನೈಟ್‌ಮೇರ್ ಎಂಬ ಹೆಸರು ನಿಂತಿತು.

ಅಪಾಯ ಕಾಗದದ ಮೇಲಿನದಾಗಿರಲಿಲ್ಲ. ಮ್ಯಾಗ್ನಿಬರ್, ವೈಸ್ ಸೊಸೈಟಿ ಎಂಬ, ಕಡತಗಳನ್ನು ಲಾಕ್ ಮಾಡಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಗುಂಪುಗಳು ಅದೇ ವರ್ಷ ಇದನ್ನು ಬಳಸಿದ ದಾಖಲೆ ಇದೆ. ಒಬ್ಬ ಗುಮಾಸ್ತರ ಪಾಸ್‌ವರ್ಡ್ ಕೈಗೆ ಸಿಕ್ಕರೆ ಸಾಕು, ಸ್ಪೂಲರ್ ಓಡುತ್ತಿರುವ ಡೊಮೇನ್ ಕಂಟ್ರೋಲರ್‌ವರೆಗೂ, ಅಂದರೆ ಕಚೇರಿಯ ಎಲ್ಲ ಖಾತೆಗಳನ್ನು ನಿಯಂತ್ರಿಸುವ ಸರ್ವರ್‌ವರೆಗೂ, ದಾರಿ ತೆರೆದಿತ್ತು.

ಜುಲೈ: ಪ್ಯಾಚ್ ಇದೆ, ರಕ್ಷಣೆ ಇಲ್ಲ

ಪ್ಯಾಚ್ ಬರುವ ಮೊದಲು ಇದ್ದ ಉಪಾಯ ಎರಡು: ಸ್ಪೂಲರ್ ನಿಲ್ಲಿಸುವುದು, ಇಲ್ಲವೇ ಅದಕ್ಕೆ ಹೊರಗಿನ ಸಂಪರ್ಕ ಮುಚ್ಚುವುದು. ಡೊಮೇನ್ ಕಂಟ್ರೋಲರ್‌ಗಳಲ್ಲಿ ಯೋಚಿಸದೆ ನಿಲ್ಲಿಸಬಹುದು. ಅಲ್ಲಿ ಅದರ ಕೆಲಸ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ (ಕಚೇರಿಯ ಖಾತೆ, ಯಂತ್ರಗಳ ಕೇಂದ್ರ ಪಟ್ಟಿ) ಪ್ರಕಟವಾದ, ಈಗ ಇಲ್ಲದ ಪ್ರಿಂಟರ್‌ಗಳ ನಮೂದು ಕಿತ್ತುಹಾಕುವುದಷ್ಟೇ. ಸೇವೆ ನಿಲ್ಲಿಸಿ, ಸ್ಟಾರ್ಟಪ್ ಬಗೆಯನ್ನು 'ಡಿಸೇಬಲ್ಡ್' ಮಾಡಬೇಕು. ಎರಡನೆಯದನ್ನು ಮರೆತರೆ ಮುಂದಿನ ರೀಬೂಟ್‌ಗೆ ಅದು ಮತ್ತೆ ಎದ್ದು ಕೂರುತ್ತದೆ. ಬಳಕೆದಾರರ ಯಂತ್ರಗಳಲ್ಲಿ ಸ್ಪೂಲರ್ ಬೇಕೇಬೇಕು. ಅಲ್ಲಿಗೆ ಗ್ರೂಪ್ ಪಾಲಿಸಿಯಲ್ಲಿ (ಎಲ್ಲ ಯಂತ್ರಗಳಿಗೂ ಒಂದೇ ಕಡೆಯಿಂದ ಸೆಟ್ಟಿಂಗ್ ಹಚ್ಚುವ ವ್ಯವಸ್ಥೆ) 'ಸ್ಪೂಲರ್ ಹೊರಗಿನ ಸಂಪರ್ಕ ಸ್ವೀಕರಿಸಲಿ' ಎಂಬ ನೀತಿಯನ್ನು ನಿಷ್ಕ್ರಿಯಗೊಳಿಸಿದರೆ, ಆ ಯಂತ್ರದಿಂದ ಪ್ರಿಂಟ್ ಹೋಗುತ್ತದೆ, ಹೊರಗಿನವರು ಅದರ ಸ್ಪೂಲರ್ ತಟ್ಟಲಾಗುವುದಿಲ್ಲ. ನೀತಿ ತಲುಪಿದರೆ ಸಾಲದು, ಸ್ಪೂಲರ್ ಮರುಚಾಲನೆ ಆದ ಮೇಲೆಯೇ ಜಾರಿ. ಇದು ಇಂದಿಗೂ ಪ್ರತಿ ಡೆಸ್ಕ್‌ಟಾಪ್‌ನಲ್ಲೂ ಇರಬೇಕಾದ ಸೆಟ್ಟಿಂಗ್, ಪ್ರಿಂಟರ್ ಹಂಚುವ ಯಂತ್ರಗಳನ್ನು ಬಿಟ್ಟು.

ಜುಲೈ 6ರಂದು ಮಾಸಿಕ ದಿನಕ್ಕೆ ಕಾಯದೆ ತುರ್ತು ಪ್ಯಾಚ್ ಬಂತು. ವಿಂಡೋಸ್ 10ರ 2004, 20ಎಚ್2, 21ಎಚ್1 ಆವೃತ್ತಿಗಳಿಗೆ ಅದರ ಸಂಖ್ಯೆ ಕೆಬಿ5004945. ಬೆಂಬಲ ಮುಗಿದಿದ್ದ ವಿಂಡೋಸ್ 7ಕ್ಕೂ ಪ್ಯಾಚ್ ಕೊಟ್ಟರು ಎಂದರೆ ಗಾಂಭೀರ್ಯ ಅಂದಾಜಾಗಬಹುದು. ಸರ್ವರ್ 2016ಕ್ಕೆ ಒಂದು ದಿನ ತಡವಾಯಿತು.

ಎಡವಟ್ಟು ಆದದ್ದು ಹಳೆಯ ಗ್ರೂಪ್ ಪಾಲಿಸಿಯಿಂದ. ಬಹಳ ಕಚೇರಿಗಳಲ್ಲಿ, ಸಿಬ್ಬಂದಿಗೆ ಎಚ್ಚರಿಕೆ ಸಂದೇಶ ಬಂದು ಕಿರಿಕಿರಿ ಆಗದಿರಲಿ ಎಂದು, ಯಾವುದೋ ಕಾಲದಲ್ಲಿ 'ಪಾಯಿಂಟ್ ಆ್ಯಂಡ್ ಪ್ರಿಂಟ್ ರಿಸ್ಟ್ರಿಕ್ಷನ್ಸ್' ನೀತಿಯಲ್ಲಿ 'ಎಚ್ಚರಿಕೆಯೂ ಬೇಡ, ಅನುಮತಿಯೂ ಬೇಡ' ಎಂದು ಆರಿಸಿಟ್ಟಿದ್ದರು. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಇದು 'ನೋವಾರ್ನಿಂಗ್‌ನೋಎಲಿವೇಶನ್‌ಆನ್‌ಇನ್‌ಸ್ಟಾಲ್' ಎಂಬ ಮೌಲ್ಯವಾಗಿ 1 ಎಂದು ಕೂತಿರುತ್ತದೆ. ಇದು 1 ಇದ್ದರೆ ಜುಲೈ 6ರ ಪ್ಯಾಚ್ ಹಾಕಿದ ಯಂತ್ರವೂ ದಾಳಿಗೆ ತೆರೆದೇ ಇರುತ್ತದೆ ಎಂದು ಸಂಶೋಧಕರು ಒಂದೆರಡು ದಿನದಲ್ಲೇ ತೋರಿಸಿದರು. ಮೌಲ್ಯ 0 ಇರಬೇಕು, ಇಲ್ಲವೇ ಇರಲೇಬಾರದು ಎಂದು ಮೈಕ್ರೋಸಾಫ್ಟ್ ಸೂಚನೆ ತಿದ್ದಿತು. ಅಪ್‌ಡೇಟ್ ಸರ್ವರ್ ರಿಜಿಸ್ಟ್ರಿಯ ಈ ಮೂಲೆಯನ್ನು ನೋಡುವುದಿಲ್ಲ, ಅದಕ್ಕೆ ಗೊತ್ತಿರುವುದು ಕಡತಗಳ ಆವೃತ್ತಿ ಮಾತ್ರ.

ಇದರ ಜೊತೆಗೆ ಕೆಬಿ5004945 ಹಾಕಿದ ಮೇಲೆ ಝೀಬ್ರಾ ಕಂಪನಿಯ ಕೆಲವು ಲೇಬಲ್ ಮತ್ತು ರಸೀದಿ ಪ್ರಿಂಟರ್‌ಗಳು ನಿಂತವು. ಇದು ಭದ್ರತಾ ಬದಲಾವಣೆಯಿಂದ ಆದದ್ದಲ್ಲ, ಜೂನ್ ಕೊನೆಯ ಪ್ರಿವ್ಯೂ (ಮುಂದಿನ ತಿಂಗಳದ್ದನ್ನು ಮುಂಚಿತವಾಗಿ ಕೊಡುವ ಐಚ್ಛಿಕ) ಅಪ್‌ಡೇಟ್‌ನಲ್ಲಿದ್ದ ಬೇರೊಂದು ಬದಲಾವಣೆಯಿಂದ. ವಿಂಡೋಸ್ 10ರ ಅಪ್‌ಡೇಟ್‌ಗಳು ಸಂಚಿತವಾದವು, ಹಿಂದಿನದ್ದೆಲ್ಲವನ್ನೂ ಒಳಗೊಂಡಿರುತ್ತವೆ, ತುರ್ತು ಪ್ಯಾಚ್ ಬೇಕೆಂದವರಿಗೆ ಪ್ರಿವ್ಯೂ ಬದಲಾವಣೆಯೂ ಕಡ್ಡಾಯ. ಇದನ್ನು ಮೈಕ್ರೋಸಾಫ್ಟ್ 'ನೋನ್ ಇಷ್ಯೂ ರೋಲ್‌ಬ್ಯಾಕ್' ಮೂಲಕ ಹಿಂತೆಗೆದುಕೊಂಡಿತು: ಪ್ಯಾಚ್ ಕೀಳದೆ ಒಂದು ಬದಲಾವಣೆಯನ್ನು ಮಾತ್ರ ನಿಷ್ಕ್ರಿಯಗೊಳಿಸುವ ವ್ಯವಸ್ಥೆ. ಕಚೇರಿ ನಿರ್ವಹಣೆಯ ಯಂತ್ರಗಳಲ್ಲಿ ಇಂಥದ್ದನ್ನು ಗ್ರೂಪ್ ಪಾಲಿಸಿಯಿಂದ ಜಾರಿ ಮಾಡಬೇಕಾಗುತ್ತದೆ. ಅಪ್‌ಡೇಟ್ ಕೀಳುವ ಮುನ್ನ ಆ ತಿಂಗಳ ತಿಳಿದ ದೋಷಗಳ ಪುಟ ಓದಿ ಎಂದು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಆಗಸ್ಟ್: ರಕ್ಷಣೆ ಬಂತು, ಪ್ರಿಂಟ್ ಹೋಯಿತು

ಆಗಸ್ಟ್ 10ರ ಅಪ್‌ಡೇಟ್ (ವಿಂಡೋಸ್ 10ರ ಮೇಲಿನ ಮೂರು ಆವೃತ್ತಿಗಳಿಗೆ ಕೆಬಿ5005033) ದೋಷ ಮುಚ್ಚುವುದಕ್ಕಿಂತ ಹೆಚ್ಚಿನದನ್ನು ಮಾಡಿತು. ಪ್ರಿಂಟರ್ ಡ್ರೈವರ್ ಹಾಕುವುದು, ನವೀಕರಿಸುವುದು ಇನ್ನು ಅಡ್ಮಿನಿಸ್ಟ್ರೇಟರ್ ಕೆಲಸ ಎಂದು ನಿಯಮವನ್ನೇ ಬದಲಿಸಿತು. ಜುಲೈನಲ್ಲಿ ಐಚ್ಛಿಕವಾಗಿ ಬಂದಿದ್ದ 'ರಿಸ್ಟ್ರಿಕ್ಟ್‌ಡ್ರೈವರ್‌ಇನ್‌ಸ್ಟಲೇಶನ್‌ಟುಅಡ್ಮಿನಿಸ್ಟ್ರೇಟರ್ಸ್' ಮೌಲ್ಯ ಈಗ ಯಾರೂ ಏನೂ ಬರೆಯದಿದ್ದರೂ 1 ಎಂದೇ ಲೆಕ್ಕ.

ಒಂದೇ ಕಚೇರಿಯಲ್ಲಿ ಕೆಲವರಿಗೆ ತೊಂದರೆ, ಕೆಲವರಿಗೆ ಇಲ್ಲ. ಇದು ಹಲವರನ್ನು ದಾರಿ ತಪ್ಪಿಸಿತು, ಪ್ರಿಂಟರ್ ಕೆಟ್ಟಿದೆ, ಕೇಬಲ್ ಸಡಿಲ ಎಂದೆಲ್ಲ ಹುಡುಕಾಟ ನಡೆಯಿತು. ಲೆಕ್ಕ ಸರಳ. ಪ್ರಿಂಟರ್ ಸಂಪರ್ಕ ಬಳಕೆದಾರನಿಗೆ ಸೇರಿದ್ದು, ಡ್ರೈವರ್ ಯಂತ್ರಕ್ಕೆ ಸೇರಿದ್ದು. ಯಂತ್ರದಲ್ಲಿ ಸರಿಯಾದ ಡ್ರೈವರ್ ಮೊದಲೇ ಇದ್ದವರಿಗೆ ಏನೂ ಆಗಲಿಲ್ಲ. ಹೊಸ ಯಂತ್ರ ಪಡೆದವರಿಗೆ, ಹೊಸ ಪ್ರಿಂಟರ್ ಸೇರಿಸಿಕೊಳ್ಳಹೋದವರಿಗೆ ಪಾಸ್‌ವರ್ಡ್ ಕಿಟಕಿ ಬಂತು. ಮೂರನೆಯ ಗುಂಪಿನ ಪಾಡು ಎಲ್ಲಕ್ಕಿಂತ ಕಷ್ಟದ್ದು: ಇವರ ಯಂತ್ರದಲ್ಲಿ ಡ್ರೈವರ್ ಇದೆ, ಆದರೆ ಸರ್ವರ್‌ನಲ್ಲಿರುವ ಅದೇ ಹೆಸರಿನ ಕಡತ ಸ್ವಲ್ಪ ಹೊಸದು. ಮೊದಲಾದರೆ ಸದ್ದಿಲ್ಲದೆ ನವೀಕರಣ ಆಗುತ್ತಿತ್ತು. ಈಗ ಪ್ರತಿ ಸಲ ಪ್ರಿಂಟ್ ಕೊಟ್ಟಾಗಲೂ ಕಿಟಕಿ.

ಸುಲಭದ ಉತ್ತರ ಎಲ್ಲರಿಗೂ ಸಿಕ್ಕಿತು: ಆ ಮೌಲ್ಯವನ್ನು 0 ಮಾಡಿ. ಮಾಡಿದರೆ ನಿಮಿಷದಲ್ಲಿ ಪ್ರಿಂಟ್ ಬರುತ್ತದೆ, ಅದರ ಜೊತೆಗೆ ಇಡೀ ದೋಷವೂ ವಾಪಸ್ ಬರುತ್ತದೆ. ಬೇರೆ ಯಾವ ಸೆಟ್ಟಿಂಗ್‌ಗಳ ಜೋಡಣೆಯೂ ಈ 1ಕ್ಕೆ ಸಮನಾದ ರಕ್ಷಣೆ ಕೊಡುವುದಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿಯೇ ಬರೆದಿದೆ. ಸಂಬಳ ಚೀಟಿ, ಚಲನ್ ಪ್ರಿಂಟ್ ನಿಂತ ದಿನ ಒತ್ತಡ ಎಷ್ಟಿರುತ್ತದೆ ಎಂಬುದು ನಿಜ. ಹಾಗೆ ಮಾಡಲೇಬೇಕಾದರೆ ಗ್ರೂಪ್ ಪಾಲಿಸಿಯಲ್ಲಿ ಎಲ್ಲರಿಗೂ 0 ಹಚ್ಚಬೇಡಿ. ಸಿಸ್ಟಂ ಖಾತೆಯ ಸ್ಕ್ರಿಪ್ಟ್ ಒಂದು ಯಂತ್ರದಲ್ಲಿ 0 ಮಾಡಿ, ಡ್ರೈವರ್ ಇಳಿದ ಕೂಡಲೇ ತಾನೇ 1 ಮಾಡಲಿ. ಜೊತೆಗೆ 'ಪ್ಯಾಕೇಜ್ ಪಾಯಿಂಟ್ ಆ್ಯಂಡ್ ಪ್ರಿಂಟ್' ನೀತಿಯಲ್ಲಿ ಕಚೇರಿಯ ಪ್ರಿಂಟ್ ಸರ್ವರ್ ಹೆಸರನ್ನು ಮಾತ್ರ ಅನುಮತಿ ಪಟ್ಟಿಗೆ ಸೇರಿಸಿ.

ನಿಜವಾದ ರಿಪೇರಿ

ಡ್ರೈವರನ್ನು ಬಳಕೆದಾರನ ಕ್ಲಿಕ್‌ಗೆ ಕಾಯದೆ ಮುಂಚಿತವಾಗಿಯೇ ಯಂತ್ರಕ್ಕೆ ತಲುಪಿಸುವುದು, ಸರ್ವರ್‌ಗೂ ಯಂತ್ರಕ್ಕೂ ಒಂದೇ ಆವೃತ್ತಿ ಇಡುವುದು. ಇಷ್ಟೇ ರಿಪೇರಿ. ಆದರೆ ಇದರೊಳಗೆ ತೊಡಕುಗಳು ಬಹಳ.

ಮೊದಲು ಪ್ರಿಂಟ್ ಸರ್ವರ್‌ನ ಲೆಕ್ಕ ತೆಗೆಯಿರಿ. ವಿಂಡೋಸ್‌ನ ಆಜ್ಞಾ ಸಾಧನ ಪವರ್‌ಶೆಲ್‌ನ 'ಗೆಟ್-ಪ್ರಿಂಟರ್‌ಡ್ರೈವರ್' ಆಜ್ಞೆ ಪ್ರತಿ ಡ್ರೈವರ್‌ನ ಹೆಸರು ಮತ್ತು ಅದು ಮೂರನೆಯ ಬಗೆಯದೋ (ಹಳೆಯ ವಿನ್ಯಾಸ) ನಾಲ್ಕನೆಯದೋ (ಹೊಸದು) ಎಂದು ಹೇಳುತ್ತದೆ. 'ಪ್ರಿಂಟ್ ಮ್ಯಾನೇಜ್‌ಮೆಂಟ್' ಕಿಟಕಿಯ ಡ್ರೈವರ್ ಪಟ್ಟಿಯಲ್ಲಿ 'ಪ್ಯಾಕೇಜ್ಡ್' ಎಂಬ ಕಾಲಂ ಇದೆ. ಅಲ್ಲಿ 'ಫಾಲ್ಸ್' ಎಂದಿರುವವು, ಅಂದರೆ ಎಲ್ಲ ಕಡತಗಳೂ ಒಂದೇ ಕಟ್ಟಾಗಿ ಬಾರದವು, ತಲೆನೋವಿನ ಡ್ರೈವರ್‌ಗಳು. 2016ರ ಜುಲೈನ ಭದ್ರತಾ ಬದಲಾವಣೆಯಿಂದಲೇ ಇವು ಕಿರಿಕಿರಿ ಕೊಡುತ್ತಿವೆ. ತಯಾರಕರ ಯೂನಿವರ್ಸಲ್ ಡ್ರೈವರ್ ಇದ್ದರೆ ಬದಲಿಸಿ. ಹತ್ತು ಮಾದರಿಯ ಪ್ರಿಂಟರ್‌ಗಳಿಗೆ ಹತ್ತು ಡ್ರೈವರ್ ಇದ್ದ ಕಡೆ ಒಂದೆರಡಕ್ಕೆ ಇಳಿದರೆ ಮುಂದಿನ ಪ್ರತಿ ಅಪ್‌ಡೇಟ್‌ನಲ್ಲೂ ಪರೀಕ್ಷಿಸುವ ಹೊರೆ ಅಷ್ಟೇ ಕಡಿಮೆ.

ಆಮೇಲೆ ಡ್ರೈವರ್‌ನ ಪೂರ್ತಿ ಫೋಲ್ಡರನ್ನು, ಅಂದರೆ ಐಎನ್‌ಎಫ್ (ಡ್ರೈವರ್ ವಿವರದ ಕಡತ), ಸಿಎಟಿ (ಡಿಜಿಟಲ್ ಸಹಿಯದು) ಮತ್ತು ಉಳಿದ ಕಡತಗಳನ್ನು, ಒಂದು ನೆಟ್‌ವರ್ಕ್ ಹಂಚಿಕೆಯಲ್ಲಿಡಿ. ಯಂತ್ರ ಶುರುವಾಗುವಾಗ ಓಡುವ ಸ್ಟಾರ್ಟಪ್ ಸ್ಕ್ರಿಪ್ಟ್‌ನಿಂದ ಅದನ್ನು ಹಾಕಿಸಿ. ಈ ಸ್ಕ್ರಿಪ್ಟ್ ಓಡುವುದು ಯಂತ್ರದ ಖಾತೆಯಲ್ಲಿ, ಬಳಕೆದಾರನ ಖಾತೆಯಲ್ಲಿ ಅಲ್ಲ. ಹಾಗಾಗಿ ಆ ಹಂಚಿಕೆಗೂ ಅದರಡಿಯ ಎನ್‌ಟಿಎಫ್‌ಎಸ್ (ಡಿಸ್ಕ್‌ನ ಕಡತ ವ್ಯವಸ್ಥೆಯ) ಅನುಮತಿಗೂ 'ಡೊಮೇನ್ ಕಂಪ್ಯೂಟರ್ಸ್' ಗುಂಪಿಗೆ ಓದುವ ಹಕ್ಕು ಬೇಕು. ತಂತ್ರಜ್ಞ ತನ್ನ ಲಾಗಿನ್‌ನಲ್ಲಿ ಪರೀಕ್ಷಿಸಿ 'ಸರಿ ಇದೆ' ಎಂದು ಹೋದ ಮೇಲೆ ಇಡೀ ಕಚೇರಿಯಲ್ಲಿ ಸ್ಕ್ರಿಪ್ಟ್ ಸೋಲುವುದು ಹೆಚ್ಚಾಗಿ ಇಲ್ಲೇ.

ಸ್ಕ್ರಿಪ್ಟ್‌ನಲ್ಲಿ ಎರಡು ಹೆಜ್ಜೆ. 'ಪಿಎನ್‌ಪಿಯುಟಿಲ್' ಆಜ್ಞೆಯ 'ಆ್ಯಡ್-ಡ್ರೈವರ್' ಆಯ್ಕೆ ಐಎನ್‌ಎಫ್ ಕಡತವನ್ನು ವಿಂಡೋಸ್‌ನ ಡ್ರೈವರ್ ಸ್ಟೋರ್‌ಗೆ ಸೇರಿಸುತ್ತದೆ. ಅಷ್ಟಕ್ಕೇ ಬಿಟ್ಟರೆ ಸ್ಪೂಲರ್‌ಗೆ ಅದರ ಪರಿಚಯವಿಲ್ಲ. ಪವರ್‌ಶೆಲ್‌ನ 'ಆ್ಯಡ್-ಪ್ರಿಂಟರ್‌ಡ್ರೈವರ್' ಆಜ್ಞೆಯಿಂದ ಹೆಸರು ಕೊಟ್ಟು ನೋಂದಾಯಿಸಬೇಕು. ಆ ಹೆಸರು ಐಎನ್‌ಎಫ್ ಕಡತದೊಳಗೆ ಬರೆದಿರುವ ಹಾಗೆಯೇ ಇರಬೇಕು. ಪೆಟ್ಟಿಗೆಯ ಮೇಲಿನ ಮಾದರಿ ಹೆಸರು ಹಾಕಿದರೆ 'ಡ್ರೈವರ್ ಸ್ಟೋರ್‌ನಲ್ಲಿ ಇಂಥ ಡ್ರೈವರ್ ಇಲ್ಲ' ಎಂಬ ಉತ್ತರ ಬರುತ್ತದೆ. ಐಎನ್‌ಎಫ್ ಅನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ಉದ್ಧರಣ ಚಿಹ್ನೆಯೊಳಗಿನ ಹೆಸರನ್ನು ನಕಲು ಮಾಡಿ.

ಇನ್ನೆರಡು ಸೂಕ್ಷ್ಮ. ಪಿಎನ್‌ಪಿಯುಟಿಲ್ 64 ಬಿಟ್ ಸಿಸ್ಟಂ32 ಫೋಲ್ಡರ್‌ನಲ್ಲಿ ಮಾತ್ರ ಇದೆ. ಸಾಫ್ಟ್‌ವೇರ್ ಹಂಚುವ ಕೆಲವು ಉಪಕರಣಗಳು ಸ್ಕ್ರಿಪ್ಟನ್ನು 32 ಬಿಟ್‌ನಲ್ಲಿ ಓಡಿಸುತ್ತವೆ, ಆಗ 'ಕಡತ ಸಿಗಲಿಲ್ಲ' ಎನ್ನುತ್ತದೆ. 'ಸಿಸ್‌ನೇಟಿವ್' ಎಂಬ ದಾರಿಯಿಂದ ಕರೆದರೆ ಸರಿ. ಎರಡನೆಯದು ಹಿಂತಿರುಗುವ ಸಂಕೇತ: ಆಜ್ಞೆಗೆ 'ಇನ್‌ಸ್ಟಾಲ್' ಆಯ್ಕೆಯನ್ನೂ ಸೇರಿಸಿದ್ದರೆ, ಹೊಂದುವ ಸಾಧನ ಯಂತ್ರಕ್ಕೆ ನೇರ ಜೋಡಣೆಯಾಗಿಲ್ಲದ ಕಾರಣ 259 ಬರಬಹುದು. ಹಂಚುವ ಉಪಕರಣ ಅದನ್ನು ಸೋಲು ಎಂದು ಬರೆದುಕೊಳ್ಳುತ್ತದೆ, ಡ್ರೈವರ್ ಮಾತ್ರ ಸ್ಟೋರ್‌ಗೆ ಸೇರಿರುತ್ತದೆ. 0, 259, 3010 ಮೂರನ್ನೂ ಯಶಸ್ಸು ಎಂದು ನಮೂದಿಸಿ. 3010 ಎಂದರೆ ರೀಬೂಟ್ ಬಾಕಿ.

2021ರಲ್ಲಿ ಅರ್ಧ ಸಿಬ್ಬಂದಿ ಮನೆಯಲ್ಲಿದ್ದರು. ಯಂತ್ರ ಶುರುವಾಗುವಾಗ ವಿಪಿಎನ್ ಇರುವುದಿಲ್ಲ, ಆದ್ದರಿಂದ ಸ್ಟಾರ್ಟಪ್ ಸ್ಕ್ರಿಪ್ಟ್ ಹಂಚಿಕೆಯನ್ನೇ ತಲುಪದು. ಅಂಥ ಲ್ಯಾಪ್‌ಟಾಪ್‌ಗಳಿಗೆ ಸಿಸ್ಟಂ ಖಾತೆಯಲ್ಲಿ ಓಡುವ ಶೆಡ್ಯೂಲ್ಡ್ ಟಾಸ್ಕ್ ಮೇಲು: ನೆಟ್‌ವರ್ಕ್ ಸಿಕ್ಕಾಗ ಫೋಲ್ಡರನ್ನು ಮೊದಲು ಸ್ಥಳೀಯ ಡಿಸ್ಕ್‌ಗೆ ನಕಲು ಮಾಡಿ, ಆಮೇಲೆ ಅಲ್ಲಿಂದ ಹಾಕುವುದು.

ಇನ್ನು ಕ್ರಮ. ಡ್ರೈವರ್‌ನ ಹೊಸ ಆವೃತ್ತಿ ಬಂದಾಗ ಮೊದಲು ಬಳಕೆದಾರರ ಯಂತ್ರಗಳಿಗೆ, ಕೊನೆಗೆ ಸರ್ವರ್‌ಗೆ. ತಿರುವುಮುರುವಾದರೆ ಸರ್ವರ್‌ನ ಕಡತ ಹೊಸದು, ಯಂತ್ರದ್ದು ಹಳೆಯದು, ಮತ್ತೆ ಎಲ್ಲರ ಪರದೆಯಲ್ಲೂ ಗುರಾಣಿ ಬಟನ್. ಸರ್ವರ್‌ಗೆ ಮೊದಲು ಹಾಕಿ ನೋಡುವುದು ಐಟಿಯವರ ಕೈಗೆ ಅಂಟಿದ ಅಭ್ಯಾಸ, ಪ್ರಿಂಟರ್ ಡ್ರೈವರ್ ವಿಷಯದಲ್ಲಿ ಅದನ್ನು ಬಿಡಲೇಬೇಕು.

ಸೆಪ್ಟೆಂಬರ್: ಚಿಕ್ಕ ಕಚೇರಿಗಳ ಸರದಿ

ಸೆಪ್ಟೆಂಬರ್ 14ರ ಅಪ್‌ಡೇಟ್ ಹಾಕಿದ ಮೇಲೆ 0ಎಕ್ಸ್0000011ಬಿ ಎಂಬ ದೋಷ ಎಲ್ಲೆಡೆ ಕಾಣಿಸಿತು. ಇದರ ಮೂಲ ಬೇರೆ: ಸಿವಿಇ-2021-1678. ಅದಕ್ಕೆ ಜನವರಿ 12ರಂದೇ ಪ್ಯಾಚ್ ಬಂದಿತ್ತು, ಸೆಪ್ಟೆಂಬರ್‌ನಲ್ಲಿ ಕಡ್ಡಾಯ ಜಾರಿ. ಪ್ರಿಂಟ್ ಸರ್ವರ್ ಜೊತೆಗಿನ ಆರ್‌ಪಿಸಿ (ಒಂದು ಯಂತ್ರ ಇನ್ನೊಂದರ ಸೇವೆಯನ್ನು ಕರೆಯುವ ವಿಧಾನ) ಮಾತುಕತೆಗೆ ಹೆಚ್ಚಿನ ಮಟ್ಟದ ದೃಢೀಕರಣ ಬೇಕೆಂಬ ನಿಯಮ ಅದು.

ಡೊಮೇನ್ ಇಲ್ಲದ ಚಿಕ್ಕ ಕಚೇರಿಗಳಿಗೆ ಇದು ಜೋರಾಗಿ ತಟ್ಟಿತು. ಲೆಕ್ಕಪರಿಶೋಧಕರ ಕಚೇರಿ, ವಕೀಲರ ಕಚೇರಿ, ಸಹಕಾರ ಸಂಘ ಎಂಥದ್ದೇ ಇರಲಿ, ನಮ್ಮಲ್ಲಿ ಒಂದು ಯಂತ್ರಕ್ಕೆ ಯುಎಸ್‌ಬಿಯಲ್ಲಿ ಹಳೆಯ ಲೇಸರ್ ಪ್ರಿಂಟರ್ ಸಿಕ್ಕಿಸಿ ಉಳಿದವರಿಗೆ ಹಂಚುವುದು ತೀರ ಸಾಮಾನ್ಯ. ಅಲ್ಲಿ ಪ್ರಿಂಟರ್ ಹಂಚಿದ ಆ ಯಂತ್ರವೇ ಪ್ರಿಂಟ್ ಸರ್ವರ್. ಅದಕ್ಕೆ ಹೊಸ ಅಪ್‌ಡೇಟ್, ಪಕ್ಕದ ಟೇಬಲ್‌ನದು ವರ್ಷದಿಂದ ಅಪ್‌ಡೇಟ್ ಕಾಣದ ಯಂತ್ರವಾದರೆ ಸಂಪರ್ಕ ತಿರಸ್ಕೃತ.

ಚಾಲ್ತಿಗೆ ಬಂದ ಉಪಾಯಗಳಲ್ಲಿ ಹಳೆಯ 'ವಿನ್32ಎಸ್‌ಪಿಎಲ್' ಡಿಎಲ್‌ಎಲ್ ಕಡತವನ್ನು ಬೇರೆ ಯಂತ್ರದಿಂದ ತಂದು ಹೊಸದರ ಮೇಲೆ ಕೂರಿಸುವುದೂ ಇತ್ತು. ಅದನ್ನು ಮಾಡಲೇಬೇಡಿ. ಮುಂದಿನ ಅಪ್‌ಡೇಟ್ ಅದನ್ನು ಅಳಿಸುತ್ತದೆ, ಇಲ್ಲವೇ ಅಲ್ಲಿಯೇ ಎಡವುತ್ತದೆ. ಎಲ್ಲ ಯಂತ್ರಗಳನ್ನೂ ಒಂದೇ ಮಟ್ಟಕ್ಕೆ ತರುವುದು ಮೊದಲ ಹೆಜ್ಜೆ. ಪ್ರಿಂಟರ್‌ಗೆ ನೆಟ್‌ವರ್ಕ್ ಪೋರ್ಟ್ ಇದ್ದರೆ ಹಂಚಿಕೆ ಬಿಟ್ಟು, ಪ್ರತಿ ಯಂತ್ರದಲ್ಲೂ ಅದರ ಐಪಿ ವಿಳಾಸಕ್ಕೆ ನೇರ ಟಿಸಿಪಿ ಪೋರ್ಟ್ (ಸಾಮಾನ್ಯವಾಗಿ 9100) ಮಾಡಿ ಡ್ರೈವರ್ ಹಾಕಿ. ಯುಎಸ್‌ಬಿ ಪ್ರಿಂಟರ್ ಆದರೆ, ಅಡ್ಮಿನಿಸ್ಟ್ರೇಟರ್ ಆಗಿ ಡ್ರೈವರ್ ಸ್ಥಳೀಯವಾಗಿ ಹಾಕಿ, 'ಲೋಕಲ್ ಪೋರ್ಟ್' ಆಯ್ದು ಪೋರ್ಟ್ ಹೆಸರಿನಲ್ಲಿ ಹಂಚಿಕೆಯ ಪೂರ್ತಿ ದಾರಿ ಬರೆದರೆ ಪಾಯಿಂಟ್ ಆ್ಯಂಡ್ ಪ್ರಿಂಟ್ ತಂಟೆಯೇ ಇಲ್ಲ. ಯಾವುದೂ ನಡೆಯದಿದ್ದರೆ, ಹಂಚುವ ಯಂತ್ರದಲ್ಲಿ 'ಆರ್‌ಪಿಸಿಆಥೆನ್‌ಲೆವೆಲ್‌ಪ್ರೈವಸಿಎನೇಬಲ್ಡ್' ಮೌಲ್ಯ 0 ಮಾಡಿ ಸ್ಪೂಲರ್ ಮರುಚಾಲನೆ. ಬಾಗಿಲು ಮತ್ತೆ ತೆರೆದಿದ್ದೀರಿ ಎಂಬ ಅರಿವಿನಿಂದ, ತಾತ್ಕಾಲಿಕವಾಗಿ.

ಇಂಥ ಅಪ್‌ಡೇಟನ್ನು ಹಂಚುವ ಬಗೆ

ಡಬ್ಲ್ಯುಎಸ್‌ಯುಎಸ್ ಎಂಬ, ಕಚೇರಿಯೊಳಗೆ ಅಪ್‌ಡೇಟ್ ಹಂಚುವ ಸರ್ವರ್‌ನಲ್ಲಿ 'ಅನುಮೋದಿಸು' ಒತ್ತಿದ ಕೂಡಲೇ ಏನೂ ಆಗುವುದಿಲ್ಲ. ಯಂತ್ರಗಳು ಸರ್ವರನ್ನು ವಿಚಾರಿಸುವುದು ಸಾಮಾನ್ಯ ಸೆಟ್ಟಿಂಗ್‌ನಲ್ಲಿ 22 ಗಂಟೆಗೊಮ್ಮೆ, ಅದರಲ್ಲಿ ಶೇ 20ರವರೆಗೆ ಕಳೆದು. ಗ್ರೂಪ್ ಪಾಲಿಸಿ ತಲುಪಲು 90 ನಿಮಿಷ, ಜೊತೆಗೆ 30 ನಿಮಿಷದವರೆಗಿನ ಹೆಚ್ಚುವರಿ. ಜುಲೈ 6ರಂಥ ತುರ್ತಿನಲ್ಲಿ ಅನುಮೋದನೆಗೆ ಗಡುವು ಹಾಕಬೇಕು. ಗಡುವು ಮೀರಿದ ಯಂತ್ರ ಬಳಕೆದಾರನನ್ನು ಕೇಳದೆ ಹಾಕಿಕೊಂಡು ರೀಬೂಟ್ ಆಗುತ್ತದೆ, ಆದ್ದರಿಂದ ಮಧ್ಯಾಹ್ನ ಹನ್ನೆರಡಕ್ಕೆ ಗಡುವು ಇಡಬೇಡಿ.

ಶಾಖೆಗಳಿದ್ದರೆ ಲೈನಿನ ಲೆಕ್ಕ ಹಾಕಿ. 600 ಎಂಬಿಯ ಅಪ್‌ಡೇಟ್, ಶಾಖೆಯಲ್ಲಿ 20 ಯಂತ್ರ, ಮುಖ್ಯ ಕಚೇರಿಗೆ 10 ಎಂಬಿಪಿಎಸ್ ಲೈನ್ ಎಂದಿಟ್ಟುಕೊಳ್ಳಿ. ಒಟ್ಟು 12 ಜಿಬಿ, ಬೇರಾವ ಕೆಲಸವೂ ಇಲ್ಲದೆ ಲೈನ್ ಪೂರ್ತಿ ಕೊಟ್ಟರೂ ಎರಡು ಮುಕ್ಕಾಲು ಗಂಟೆಗೆ ಹತ್ತಿರ. ಡೆಲಿವರಿ ಆಪ್ಟಿಮೈಸೇಶನ್ ಆನ್ ಮಾಡಿ ಶಾಖೆಯೊಳಗೆ 7680 ಪೋರ್ಟ್ ತೆರೆದಿಟ್ಟರೆ ಯಂತ್ರಗಳು ಒಂದರಿಂದೊಂದು ತೆಗೆದುಕೊಳ್ಳುತ್ತವೆ, ಹೊರಲೈನಿನ ಮೇಲಿನ ಭಾರ ಬಹಳ ಇಳಿಯುತ್ತದೆ.

ಪೈಲಟ್ ಗುಂಪನ್ನು, ಅಂದರೆ ಎಲ್ಲರಿಗಿಂತ ಮೊದಲು ಅಪ್‌ಡೇಟ್ ಪರೀಕ್ಷಿಸುವವರನ್ನು, ಆರಿಸುವಾಗ ಐಟಿ ವಿಭಾಗದ ಯಂತ್ರಗಳಷ್ಟನ್ನೇ ಹಾಕಿದರೆ ಪ್ರಯೋಜನ ಕಡಿಮೆ. ಅವರೆಲ್ಲ ಅಡ್ಮಿನಿಸ್ಟ್ರೇಟರ್‌ಗಳು, ಆಗಸ್ಟ್‌ನ ಕಿಟಕಿ ಅವರಿಗೆ ಅಡ್ಡಿಯೇ ಆಗಿರಲಿಲ್ಲ. ಸಾಮಾನ್ಯ ಖಾತೆಯ ಬಳಕೆದಾರರು ಬೇಕು, ಮತ್ತು ಅವರನ್ನು ಪ್ರಿಂಟರ್ ನೋಡಿ ಆರಿಸಬೇಕು: ಗೋದಾಮಿನ ಲೇಬಲ್ ಪ್ರಿಂಟರ್, ಕ್ಯಾಷ್ ಕೌಂಟರ್‌ನ ರಸೀದಿ ಪ್ರಿಂಟರ್, ಡಾಟ್ ಮ್ಯಾಟ್ರಿಕ್ಸ್, ಚೆಕ್ ಮುದ್ರಿಸುವ ಯಂತ್ರ, ಪ್ರತಿಯೊಂದರ ಹಿಂದೆ ಒಬ್ಬರು. ಅವರು ಇರುವ ಪ್ರಿಂಟರ್‌ಗೆ ಒಂದು ಪುಟ ಕೊಡಬೇಕು, ಹೊಸ ಪ್ರಿಂಟರ್ ಒಂದನ್ನು ಸೇರಿಸಿ ನೋಡಬೇಕು. ಎರಡನೆಯ ಪರೀಕ್ಷೆ ಬಿಟ್ಟಿದ್ದರೆ ಆಗಸ್ಟ್‌ನ ಸಮಸ್ಯೆ ಪೈಲಟ್‌ನಲ್ಲಿ ಕಾಣುತ್ತಲೇ ಇರಲಿಲ್ಲ.

ಪರಿಶೀಲನೆಗೆ ವರದಿಯ ಹಸಿರನ್ನು ಬಿಟ್ಟು ಯಂತ್ರವನ್ನೇ ಕೇಳಿ. ಆಗಸ್ಟ್ 10ರ ಅಪ್‌ಡೇಟ್ ನಿಜವಾಗಿ ಜಾರಿಯಾದ 21ಎಚ್1 ಯಂತ್ರದ ಬಿಲ್ಡ್ ಸಂಖ್ಯೆ 19043.1165. ರೀಬೂಟ್ ಬಾಕಿ ಇದ್ದರೆ ಹಳೆಯ ಸಂಖ್ಯೆಯೇ ಇರುತ್ತದೆ. ಅದರ ಜೊತೆಗೆ ಮೇಲಿನ ಮೂರು ರಿಜಿಸ್ಟ್ರಿ ಮೌಲ್ಯಗಳನ್ನೂ ಓದಿ ಒಂದು ಪಟ್ಟಿಗೆ ಇಳಿಸುವ ಸ್ಕ್ರಿಪ್ಟ್ ಇರಲಿ. ಪ್ರಿಂಟ್‌ಸರ್ವಿಸ್‌ನ 'ಆಪರೇಶನಲ್' ಲಾಗ್ ಸಾಮಾನ್ಯವಾಗಿ ಆಫ್ ಇರುತ್ತದೆ, ಆನ್ ಮಾಡಿ. ಡ್ರೈವರ್ ಸೇರಿದಾಗ ಅಲ್ಲಿ 316 ಸಂಖ್ಯೆಯ ನಮೂದು ಬೀಳುತ್ತದೆ. 'ಅಡ್ಮಿನ್' ಲಾಗ್‌ನಲ್ಲಿ 808 ಕಂಡರೆ ಸ್ಪೂಲರ್ ಯಾವುದೋ ಡಿಎಲ್‌ಎಲ್ ಲೋಡ್ ಮಾಡಲು ಹೋಗಿ ಸೋತಿದೆ ಎಂದರ್ಥ, ಕಡತದ ಹೆಸರು ಓದಿ ನೋಡಿ.

ಹಿಂತೆಗೆಯಲೇಬೇಕಾದರೆ ಒಂದು ಮಾತು ಮೊದಲೇ ತಿಳಿದಿರಲಿ. 2021ರಲ್ಲಿ ವಿಂಡೋಸ್ 10ರ ಈ ಆವೃತ್ತಿಗಳಿಗೆ ಸರ್ವಿಸಿಂಗ್ ಸ್ಟ್ಯಾಕ್ (ಅಪ್‌ಡೇಟ್‌ಗಳನ್ನು ಹಾಕುವ ಭಾಗ) ಮತ್ತು ಸಂಚಿತ ಅಪ್‌ಡೇಟ್ ಒಂದೇ ಕಟ್ಟಾಗಿ ಬರತೊಡಗಿದವು. 'ವುಸಾ' ಆಜ್ಞೆಯಿಂದ ಅದನ್ನು ಕೀಳಲಾಗುವುದಿಲ್ಲ. 'ಡಿಐಎಸ್‌ಎಂ' ಆಜ್ಞೆಯಿಂದ ಪ್ಯಾಕೇಜ್‌ಗಳ ಪಟ್ಟಿ ತೆಗೆದು, ಸಂಚಿತ ಅಪ್‌ಡೇಟ್‌ನ ಪೂರ್ತಿ ಹೆಸರು ಕೊಟ್ಟು ತೆಗೆಯಬೇಕು. ಆಗ ಪ್ರಿಂಟರ್ ಬದಲಾವಣೆಯ ಜೊತೆ ಆ ತಿಂಗಳ ಉಳಿದೆಲ್ಲ ಭದ್ರತಾ ತಿದ್ದುಪಡಿಗಳೂ ಹೋಗುತ್ತವೆ.

ಮೈಕ್ರೋಸಾಫ್ಟ್ 2023ರಲ್ಲಿ ತಯಾರಕರ ಡ್ರೈವರ್‌ಗಳಿಗೆ ಹಂತಹಂತವಾಗಿ ಬೆಂಬಲ ಮುಗಿಸುವುದಾಗಿ ಹೇಳಿತು. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ, ಹೊರಗಿನ ಡ್ರೈವರ್ ಇಲ್ಲದೆ ಐಪಿಪಿ ಎಂಬ ಸಾಮಾನ್ಯ ಮಾನದಂಡದ ವಿಧಾನದಲ್ಲಷ್ಟೇ ಪ್ರಿಂಟ್ ಮಾಡುವ 'ಪ್ರೊಟೆಕ್ಟೆಡ್ ಪ್ರಿಂಟ್' ಬಂದಿದೆ. ಹೊಸ ಪ್ರಿಂಟರ್ ಕೊಳ್ಳುವ ಕಚೇರಿ, ಹೀಗೆ ಪ್ರಿಂಟ್ ಆಗಬಲ್ಲದು ಎಂದು ಹೇಳುವ ಮೊಪ್ರಿಯಾ ಪ್ರಮಾಣಪತ್ರ ಇರುವುದನ್ನೇ ಕೇಳುವುದು ಒಳ್ಳೆಯದು. ಹಳೆಯ ಪ್ರಿಂಟರ್‌ಗಳು ಉಳಿದಿರುವ ಕಡೆ ಇವತ್ತೇ ಮಾಡಬಹುದಾದ ಕೆಲಸ ಒಂದಿದೆ: 2021ರ ಆಗಸ್ಟ್‌ನಲ್ಲಿ ಯಾರೋ 'ಸದ್ಯಕ್ಕೆ' ಎಂದು ಬರೆದಿಟ್ಟ 0 ಇನ್ನೂ ಗ್ರೂಪ್ ಪಾಲಿಸಿಯಲ್ಲಿ ಕೂತಿದೆಯೇ ಎಂದು ತೆರೆದು ನೋಡುವುದು.